ಡಿವಿ ಆಕ್ಟ್ (ಕೌಟುಂಬಿಕ ಹಿಂಸೆ ತಡೆಯುವ ಕಾಯಿದೆ) ಬಂದು ಇಷ್ಟು ವರ್ಷವಾಯಿತು, ನಿಮ್ಮ ತಾಲ್ಲೂಕಿನ ಸಂರಕ್ಷಣಾಧಿಕಾರಿ ಯಾರು ಅಂತ ಗೊತ್ತಾ?

ತುಂಗಾತೀರ
ನಮ್ಮ ದೊಡ್ಡಮ್ಮನ ಮಗಳ ವಿಷಯಕ್ಕೆ ಓಡಾಡುತ್ತಿದ್ದೇನೆ. ಊರು, ಹೆಸರು ಬೇಡ. ಗಂಡನ ಹೊಡೆತ ಹಳೆಯದು. ಈಗ ಅತ್ತೆ ಮಾವನೂ ಸೇರಿ ಅಕ್ಕನನ್ನು ಹೊರಗೆ ಹಾಕಿದ್ದಾರೆ. ಮಕ್ಕಳಿಬ್ಬರೂ ಅಲ್ಲೇ ಉಳಿದಿದ್ದಾರೆ, ಶಾಲೆ ಅಲ್ಲೇ ಇರುವುದರಿಂದ. ಠಾಣೆಗೆ ಹೋದೆವು. ಗಂಡನನ್ನು ಕರೆಸಿದರು, ಬೈದರು, ಇಬ್ಬರ ಕೈಯಲ್ಲೂ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಹೊಡೆಸಿಕೊಂಡವಳು ಯಾಕೆ ಮುಚ್ಚಳಿಕೆ ಬರೆಯಬೇಕು ಅಂತ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ.

ಆಮೇಲೆ ಯಾರೋ "ಸಂರಕ್ಷಣಾಧಿಕಾರಿ ಹತ್ತಿರ ಹೋಗಿ" ಅಂದರು. ತಾಲ್ಲೂಕು ಕೇಂದ್ರದಲ್ಲಿ ಕೇಳಿದರೆ ಒಬ್ಬರು ಕೋರ್ಟ್ ತೋರಿಸುತ್ತಾರೆ, ಇನ್ನೊಬ್ಬರು ಮಿನಿ ವಿಧಾನಸೌಧ ತೋರಿಸುತ್ತಾರೆ. ಬೋರ್ಡ್ ಎಲ್ಲೂ ಇಲ್ಲ.

ಅಕ್ಕನಿಗೆ ಗಂಡನನ್ನು ಜೈಲಿಗೆ ಹಾಕಿಸುವುದು ಬೇಕಾಗಿಲ್ಲ. ಮನೆ ಒಳಗೆ ಹೋಗಬೇಕು, ಮಕ್ಕಳ ಜೊತೆ ಇರಬೇಕು, ಹೊಡೆತ ನಿಲ್ಲಬೇಕು. ಇಷ್ಟಕ್ಕೆ ಸರ್ಕಾರದಲ್ಲಿ ದಾರಿ ಇದೆಯಾ? ಯಾರ ಬಾಗಿಲು ಮೊದಲು ತಟ್ಟಬೇಕು?

ಕರಿಕೋಟು
ದಾರಿ ಇದೆ ಮೇಡಂ. ನಿಮ್ಮ ಅಕ್ಕ ಕೇಳುತ್ತಿರುವುದಕ್ಕೇ ಮಾಡಿದ ಕಾಯಿದೆ ಅದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ, 2005. ಜಾರಿಯಾಗಿದ್ದು 2006ರ ಅಕ್ಟೋಬರ್ 26ರಂದು. ಅದಕ್ಕೂ ಮೊದಲು ಹೆಂಗಸಿನ ಕೈಯಲ್ಲಿ ಇದ್ದದ್ದು ಮುಖ್ಯವಾಗಿ ದಂಡ ಸಂಹಿತೆಯ 498ಎ, ಅಂದರೆ ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ ಕಲಂ. ಕೇಸ್ ಹಾಕಿದರೆ ಗಂಡ ಒಳಗೆ, ಆದರೆ ಹೆಂಡತಿ ರಾತ್ರಿ ಮಲಗುವುದು ಎಲ್ಲಿ? ಅದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ. ಡಿವಿ ಆಕ್ಟ್ ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಕಲಂ 12ರಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬೇಕು. ಕಲಂ 18 ರಕ್ಷಣಾ ಆದೇಶ, ಅಂದರೆ ಹೊಡೆಯಬೇಡ, ಹತ್ತಿರ ಬರಬೇಡ, ಅವಳ ಕೆಲಸದ ಜಾಗಕ್ಕೆ ಹೋಗಬೇಡ ಅನ್ನುವುದು. 19 ವಾಸದ ಆದೇಶ. 20ರಲ್ಲಿ ಜೀವನಾಂಶ, ಆಸ್ಪತ್ರೆ ಖರ್ಚು. 21ರಲ್ಲಿ ಮಕ್ಕಳ ತಾತ್ಕಾಲಿಕ ಸುಪರ್ದಿ. ತುರ್ತು ಇದ್ದರೆ ಕಲಂ 23ರಲ್ಲಿ ಎದುರುಗಡೆಯವರು ಬರುವ ಮೊದಲೇ ಮಧ್ಯಂತರ ಆದೇಶ ಕೇಳಬಹುದು.

ಒಂದು ವಿಷಯ ವಕೀಲರೂ ಎಷ್ಟೋ ಸಲ ಬಿಡುತ್ತಾರೆ. ಬರೀ ವಾಸದ ಆದೇಶ, ಜೀವನಾಂಶ ಕೇಳಿ ಸುಮ್ಮನಾಗಬೇಡಿ. ರಕ್ಷಣಾ ಆದೇಶವನ್ನೂ ಕೇಳಿ. ಯಾಕಂದರೆ ಆದೇಶ ಮುರಿದರೆ ಶಿಕ್ಷೆ ಅನ್ನುವ ಕಲಂ 31 ನೇರವಾಗಿ ಹೇಳುವುದು ರಕ್ಷಣಾ ಆದೇಶದ ಬಗ್ಗೆ ಮಾತ್ರ. 1 ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು ಜಾಮೀನು ಸಿಗದ ಅಪರಾಧ.

ಅಕ್ಕ ಈಗ ತವರಲ್ಲಿದ್ದರೆ ತವರಿನ ತಾಲ್ಲೂಕಿನ ಕೋರ್ಟಿನಲ್ಲೇ ಹಾಕಬಹುದು. ತಾತ್ಕಾಲಿಕವಾಗಿ ಇರುವ ಜಾಗವೂ ನಡೆಯುತ್ತದೆ ಅಂತ ಕಲಂ 27 ಹೇಳುತ್ತದೆ. ಗಂಡನ ಊರಿಗೆ ಪ್ರತಿ ಡೇಟಿಗೆ ಓಡಬೇಕಾಗಿಲ್ಲ.

ತುಂಗಾತೀರ
ಸರ್, ಮನೆ ಮಾವನ ಹೆಸರಿನಲ್ಲಿದೆ. "ನಮ್ಮ ಮನೆ, ನಾವು ಸೇರಿಸಲ್ಲ" ಅಂತಾರೆ. ಠಾಣೆಯಲ್ಲೂ ಅದನ್ನೇ ಹೇಳಿದರು.

ಕರಿಕೋಟು
2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನದು ಹಾಗೇ ಒಂದು ತೀರ್ಪು ಬಂದಿತ್ತು. ಅತ್ತೆ ಮಾವನ ಸ್ವಂತ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲ ಅಂತ. 2020ರ ಅಕ್ಟೋಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದು ಸರಿಯಲ್ಲ ಅಂತ ಹೇಳಿತು. ಅವಳು ಸಂಸಾರ ಮಾಡಿಕೊಂಡು ನೆಲೆಯಾಗಿ ಇದ್ದ ಮನೆ ಯಾರ ಹೆಸರಲ್ಲೇ ಇರಲಿ, ವಾಸದ ಹಕ್ಕು ಕೇಳಬಹುದು. ಗಮನಿಸಿ, ವಾಸದ ಹಕ್ಕು ಮಾತ್ರ. ಆಸ್ತಿಯಲ್ಲಿ ಪಾಲು ಅಲ್ಲ. ಕಾನೂನಿನ ದಾರಿಯಲ್ಲಿ ಬಿಡಿಸುವ ಅವಕಾಶ ಅವರಿಗೂ ಇದೆ. ಆದರೆ ಕತ್ತು ಹಿಡಿದು ತಳ್ಳುವ ಹಾಗಿಲ್ಲ.

ಇನ್ನೊಂದು ಆಟ ಇದೆ, ಅದಕ್ಕೂ ತಯಾರಿರಿ. ಹಿರಿಯ ನಾಗರಿಕರ ಕಾಯಿದೆಯಲ್ಲಿ ಎಸಿ (ಉಪವಿಭಾಗಾಧಿಕಾರಿ) ಹತ್ತಿರ ಹೋಗಿ "ಸೊಸೆ ಕಾಟ ಕೊಡುತ್ತಾಳೆ" ಅಂತ ಖಾಲಿ ಮಾಡಿಸುವುದು. ಬೆಂಗಳೂರಿನದೇ ಒಂದು ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2020ರ ಡಿಸೆಂಬರ್‌ನಲ್ಲಿ ತೀರ್ಪು. ಹಿರಿಯರ ಕಾಯಿದೆ ತೋರಿಸಿ ಡಿವಿ ಆಕ್ಟಿನ ವಾಸದ ಹಕ್ಕನ್ನು ಸುಮ್ನೆ ಅಳಿಸಿ ಹಾಕುವ ಹಾಗಿಲ್ಲ, ಎರಡನ್ನೂ ಹೊಂದಿಸಿ ನೋಡಬೇಕು ಅಂತ.

ಸುಮ್ನೆ_ಓದುವವ
ಎಲ್ಲಾ ಸರಿ. ಆದರೆ ಸುಳ್ಳು ಕೇಸಿನ ಬಗ್ಗೆ ಯಾರೂ ಮಾತಾಡಲ್ಲ ಅಲ್ವಾ? ನನ್ನ ಫ್ರೆಂಡ್ ಒಬ್ಬನ ಅಪ್ಪ ಅಮ್ಮ, ಮದುವೆಯಾಗಿ ಬೇರೆ ಊರಲ್ಲಿದ್ದ ಅಕ್ಕ, ಎಲ್ಲರ ಹೆಸರನ್ನೂ ಸೇರಿಸಿ ಕಂಪ್ಲೇಂಟ್ ಕೊಟ್ಟಿದ್ದರು. ಅವರು ಪಟ್ಟ ಪಾಡು ನೋಡಿದ್ದೇನೆ.

ಕರಿಕೋಟು
ಆಗುತ್ತದೆ, ಇಲ್ಲ ಅನ್ನಲ್ಲ. ಊರಲ್ಲಿಲ್ಲದ ನಾದಿನಿಯ ಹೆಸರು ಸೇರಿಸಿದ ಕೇಸುಗಳನ್ನು ಹೈಕೋರ್ಟ್ ರದ್ದು ಮಾಡುವುದನ್ನು ಆಗಾಗ ನೋಡುತ್ತೇವೆ. ಆದರೆ ನೀವು ಹೇಳುತ್ತಿರುವುದು 498ಎ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 85 ಮತ್ತು 86. ಅದರಲ್ಲೂ 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಕಂಪ್ಲೇಂಟ್ ಬಂದ ಕೂಡಲೇ ಎಳೆದು ತರುವ ಹಾಗಿಲ್ಲ. ಮೊದಲು ನೋಟಿಸ್ ಕೊಡಬೇಕು, ಬಂಧನ ಬೇಕೇ ಬೇಕು ಅಂದರೆ ಕಾರಣ ಬರೆಯಬೇಕು.

ಇಲ್ಲಿ ಮಾತಾಡುತ್ತಿರುವುದು ಡಿವಿ ಆಕ್ಟ್. ಅದರ ಅರ್ಜಿಯಿಂದ ಯಾರೂ ಜೈಲಿಗೆ ಹೋಗುವುದಿಲ್ಲ. ಕೋರ್ಟ್ ಕೊಟ್ಟ ಆದೇಶ ಮುರಿದರೆ ಮಾತ್ರ ಆ ಮಾತು ಬರುತ್ತದೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಬೈದರೆ ಮನೆಗೆ ಹೋಗಬೇಕು ಅನ್ನುವ ಹೆಣ್ಣುಮಗಳಿಗೂ "ಕೇಸ್ ಹಾಕುವವಳು" ಅನ್ನುವ ಪಟ್ಟ ಬೀಳುತ್ತದೆ.

ಸುಮ್ನೆ_ಓದುವವ
ವ್ಯತ್ಯಾಸ ಈಗ ಗೊತ್ತಾಯಿತು. ಆದರೂ ಗಂಡಸರ ಪರ ಒಂದು ಕಾಯಿದೆ ಬೇಕು ಅನ್ನುವ ನನ್ನ ಮಾತು ಹಾಗೇ ಇದೆ.

ಅಡ್ಮಿನ್
ಅದಕ್ಕೆ ಬೇರೆ ಥ್ರೆಡ್ ತೆರೆಯಿರಿ ಗುರುಗಳೇ. ಇಲ್ಲಿ ಬೇಡ.

ಹಳೇ_ಸೂಪರ್‌ವೈಸರ್
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಇದ್ದು ನಿವೃತ್ತಿ ಆದವಳು ನಾನು. ಮೊದಲು ತುಂಗಾತೀರ ಅವರ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನಮ್ಮ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಂರಕ್ಷಣಾಧಿಕಾರಿ ಅಂದರೆ ಸಿಡಿಪಿಒ, ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಬೋರ್ಡಿನಲ್ಲಿ ಸಿಡಿಪಿಒ ಅಂತ ಮಾತ್ರ ಇರುತ್ತದೆ. ಅದಕ್ಕೇ ನಿಮಗೆ ಸಿಗಲಿಲ್ಲ.

ಈಗ ಆ ಮೇಜಿನ ಮೇಲೆ ಏನೇನಿದೆ ಕೇಳಿ. ತಾಲ್ಲೂಕಿನ ಅಷ್ಟೂ ಅಂಗನವಾಡಿ. ಆಹಾರ ಸಾಮಗ್ರಿ ಬಂತಾ, ತೂಕ ಸರಿ ಇದೆಯಾ, ಮೊಟ್ಟೆ ಬಂತಾ. ಮಾತೃವಂದನಾ. ಭಾಗ್ಯಲಕ್ಷ್ಮಿ ಬಾಂಡು. ಗೃಹಲಕ್ಷ್ಮಿ ದುಡ್ಡು ಬರಲಿಲ್ಲ ಅಂತ ಬಾಗಿಲಲ್ಲಿ ನಿಂತ ಹೆಂಗಸರು. ಬಾಲ್ಯವಿವಾಹ ತಡೆಯುವ ಅಧಿಕಾರಿಯೂ ಅವರೇ. ಮದುವೆ ಸೀಸನ್ನಿನಲ್ಲಿ ರಾತ್ರಿ ಫೋನ್ ಬಂದರೆ ಜೀಪ್ ಹತ್ತಬೇಕು. ಇದರ ನಡುವೆ ಒಬ್ಬಳು ಅಳುತ್ತಾ ಬಂದು ಕೂರುತ್ತಾಳೆ. ಅವಳ ಕಥೆ ಕೇಳಿ ಕೌಟುಂಬಿಕ ಘಟನಾ ವರದಿ ಬರೆಯಬೇಕು. ಡಿಐಆರ್ ಅಂತೀವಿ. ಅದು ಬಹಳ ಪುಟದ ಫಾರಂ. ಹೊಡೆದದ್ದು ಯಾವಾಗ, ಯಾವುದರಿಂದ, ಬೈದದ್ದು ಏನು, ಸಂಬಳ ಕಿತ್ತುಕೊಂಡರಾ, ಒಡವೆ ಯಾರ ಹತ್ತಿರ ಇದೆ, ಎಲ್ಲಾ ಬೇಕು. ಹೆದರಿದ ಹೆಣ್ಣುಮಗಳು ಇದನ್ನು ಒಂದೇ ಸಲಕ್ಕೆ ಹೇಳಲ್ಲ. ಹೊರಗೆ ಮೊಟ್ಟೆ ಬಿಲ್ಲಿನವರು ಕಾಯುತ್ತಿರುತ್ತಾರೆ.

ಇಷ್ಟೇ ಅಲ್ಲ. ಕಾಯಿದೆ ಪ್ರಕಾರ ಕೋರ್ಟಿನ ನೋಟಿಸನ್ನು ಗಂಡನಿಗೆ ಮುಟ್ಟಿಸುವುದೂ ಸಂರಕ್ಷಣಾಧಿಕಾರಿಯ ಕೆಲಸವೇ. ಅದೂ ಹೆಚ್ಚೆಂದರೆ 2 ದಿನದಲ್ಲಿ. ನಗು ಬರುತ್ತೆ ಅಲ್ವಾ? ಗಾಡಿ ಇಲ್ಲ, ಡ್ರೈವರ್ ಇಲ್ಲ, ಆ ಮನುಷ್ಯ ಬಾಗಿಲು ಹಾಕಿಕೊಂಡು ಇಲ್ಲ ಅಂತಾನೆ.

ಕೆಟ್ಟ ಅಧಿಕಾರಿಗಳು ಇಲ್ಲ ಅಂತಲ್ಲ. "ಹೊಂದಿಕೊಂಡು ಹೋಗಮ್ಮ" ಅಂತ ಫಾರಂ ತೆಗೆಯದೇ ಕಳಿಸಿದವರನ್ನು ನಾನೇ ಕಂಡಿದ್ದೇನೆ. ಆದರೆ ಒಳ್ಳೆಯವರನ್ನೂ ಈ ವ್ಯವಸ್ಥೆ ಹಾಗೇ ಮಾಡಿಬಿಡುತ್ತದೆ.

ಮೂರನೇ_ವಾರ್ಡ್
ಮೇಡಂ, ಹಾಗಿದ್ದರೆ ಸಂರಕ್ಷಣಾಧಿಕಾರಿ ಅಂತ ಬೇರೆ ಹುದ್ದೆ ಯಾಕೆ ಮಾಡಲ್ಲ?

ಹಳೇ_ಸೂಪರ್‌ವೈಸರ್
ಅದೇ ತಾನೇ ಕೇಳಬೇಕಾದ್ದು. ಕಾಯಿದೆ ರಾಜ್ಯಗಳಿಗೆ "ನೇಮಿಸಿ" ಅಂದಿತು. ಹೆಚ್ಚಿನ ಕಡೆ ಇದ್ದವರ ತಲೆಗೇ ಕಟ್ಟಿದರು. 2025ರ ಮೇ ತಿಂಗಳಲ್ಲಿ ಕೂಡ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ, ಜಿಲ್ಲೆ ತಾಲ್ಲೂಕು ಮಟ್ಟದಲ್ಲಿ ಇಲಾಖೆಯ ಅಧಿಕಾರಿಗಳನ್ನು ಗುರುತಿಸಿ ಸಂರಕ್ಷಣಾಧಿಕಾರಿ ಮಾಡಿ ಅಂತ ಹೇಳಬೇಕಾಯಿತು. ಜಾರಿಯಾಗಿ 18 ವರ್ಷ ದಾಟಿದ ಮೇಲೆ! ಅದರಲ್ಲೂ "ಗುರುತಿಸಿ" ಅಂದರೆ ಮತ್ತೆ ಇರುವವರಿಗೇ ಇನ್ನೊಂದು ಹೊಣೆ. ಪೂರ್ತಿ ಸಮಯದವರು ಬರುವ ತನಕ ಇದು ಹೀಗೇ.

ಕರಿಕೋಟು
ಒಂದು ಸೇರಿಸುತ್ತೇನೆ. ಡಿಐಆರ್ ಇಲ್ಲ ಅಂತ ಅರ್ಜಿ ನಿಲ್ಲಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ವಕೀಲರ ಮೂಲಕ ನೇರವಾಗಿ ಹಾಕಬಹುದು, ಅವಳೇ ಹಾಕಬಹುದು. ಸಿಡಿಪಿಒ ಸಿಗಲಿಲ್ಲ ಅಂತ ಕಾಯುತ್ತಾ ಕೂರಬೇಡಿ. ವಕೀಲರಿಗೆ ಫೀಸು ಎಲ್ಲಿಂದ ಅಂದರೆ, ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾಯಿದೆ ಪ್ರಕಾರ ಹೆಂಗಸರಿಗೆ ಉಚಿತ ವಕೀಲರನ್ನು ಕೊಡಲು ಆದಾಯ ನೋಡುವ ಹಾಗೇ ಇಲ್ಲ. ಇನ್‌ಕಮ್ ಸರ್ಟಿಫಿಕೇಟ್ ಕೇಳಿದರೆ ಕಲಂ 12 ನೋಡಿ ಅನ್ನಿ. ಫೋನ್ ನಂಬರ್ 15100.

ಇನ್ನು ದಿನಗಳ ಲೆಕ್ಕ. ಅರ್ಜಿ ಬಂದ 3 ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯಿದೆಯಲ್ಲಿದೆ. ಇದನ್ನು ನಂಬಿಕೊಂಡು ಕೂತವರು ಕೋರ್ಟ್ ಕಾರಿಡಾರಿನಲ್ಲಿ ತುಂಬಾ ಜನ ಸಿಗುತ್ತಾರೆ. ಅದಕ್ಕೇ ನಾನು ಮಧ್ಯಂತರ ಆದೇಶದ ಮೇಲೆ ಜಾಸ್ತಿ ಜೋರು ಹಾಕುತ್ತೇನೆ.

ಲೆಕ್ಕದ_ಪುಸ್ತಕ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತು, 2019-21. ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇನೆ ಅಂದವರು ಕರ್ನಾಟಕದಲ್ಲಿ 44.4%. ದೇಶದ ಸರಾಸರಿ 29.3%. ಅದರ ಹಿಂದಿನ ಸುತ್ತಿನಲ್ಲಿ ನಮ್ಮದು 20.6% ಇತ್ತು.

ನಾವು ಬಿಹಾರ, ಯುಪಿ ಅಂತ ಬೆರಳು ತೋರಿಸುವವರು. ಪಟ್ಟಿಯಲ್ಲಿ ಮೇಲೆ ಕೂತಿರುವುದು ನಾವು.

ಇನ್ನೂ ಕೆಟ್ಟದ್ದು ಇದೆ. ಹೇಳದೇ ಹೊರಗೆ ಹೋದರೆ, ಅಡುಗೆ ಸರಿ ಮಾಡದಿದ್ದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ 7 ಕಾರಣ ಕೊಟ್ಟು ಹೊಡೆಯುವುದು ಸರಿಯಾ ಅಂತ ಕೇಳುತ್ತಾರೆ. ಒಂದಕ್ಕಾದರೂ ಹೌದು ಅಂದವರು ಕರ್ನಾಟಕದ ಹೆಂಗಸರಲ್ಲಿ ಸುಮಾರು 77%, ಗಂಡಸರಲ್ಲಿ ಸುಮಾರು 82%.

ತುಂಗಾತೀರ
ಹೆಂಗಸರೇ 77?! ಠಾಣೆಯಲ್ಲಿ ನಮಗೆ "ಸ್ವಲ್ಪ ಬಾಯಿ ಕಡಿಮೆ ಮಾಡಮ್ಮ" ಅಂದಿದ್ದು ಮಹಿಳಾ ಸಿಬ್ಬಂದಿಯೇ.

ಮೂರನೇ_ವಾರ್ಡ್
20 ಪಾಯಿಂಟಿನಿಂದ 44ಕ್ಕೆ ಹೋಗಿದೆ ಅಂದರೆ ಹೊಡೆತ ಡಬಲ್ ಆಯಿತಾ, ಅಥವಾ ಹೇಳಿಕೊಳ್ಳುವ ಧೈರ್ಯ ಬಂತಾ?

ಲೆಕ್ಕದ_ಪುಸ್ತಕ
ಆ ಒಂದು ಅಂಕಿಯಿಂದ ಬಿಡಿಸಿ ಹೇಳಲು ಆಗಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ, ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಸಹಾಯ ಕೇಳಿದವರು ದೇಶದಲ್ಲಿ 14% ಮಾತ್ರ. ಕೇಳಿದವರೂ ಹೆಚ್ಚಾಗಿ ಹೋಗಿದ್ದು ತವರಿಗೆ. ಸರ್ಕಾರ ಇಷ್ಟೆಲ್ಲಾ ಬಾಗಿಲು ಮಾಡಿಟ್ಟರೂ ಹೆಂಗಸಿಗೆ ನೆನಪಾಗುವುದು ತಾಯಿ ಮನೆ ಬಾಗಿಲು.

ಬಯಲುಸೀಮೆ_ಮಗಳು
ತಾಯಿ ಮನೆ ಬಾಗಿಲು ಅಂದಿರಲ್ಲ, ಅದು ತೆರೆದಿರುತ್ತಾ ಅನ್ನುವುದು ನನ್ನ ಪ್ರಶ್ನೆ. ನಾನು ವಾಪಸ್ ಬಂದಾಗ ಅಮ್ಮ ಒಳಗೆ ಕರೆದರು. ಅಣ್ಣ ಕೇಳಿದ್ದು "ಎಷ್ಟು ದಿನ?" ಅಂತ. ಅಪ್ಪನ ಜಮೀನಿಗೆ ಪೌತಿ ಖಾತೆ ಮಾಡುವಾಗ ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳು ಹಾಗೇ ಮಾಡುವುದು, ಇಲ್ಲದಿದ್ದರೆ ತವರು ತಪ್ಪುತ್ತೆ ಅಂತ.

ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ 1994ರಲ್ಲೇ ತಿದ್ದುಪಡಿ ಬಂತು. ಕೇಂದ್ರ ಮಾಡಿದ್ದು 2005ರಲ್ಲಿ. ಅಷ್ಟು ಮುಂಚೆ ಕಾನೂನು ಮಾಡಿದ ರಾಜ್ಯ ನಮ್ಮದು. ಪಹಣಿ ತೆಗೆದು ನೋಡಿ, ಎಷ್ಟು ಹೆಣ್ಣುಮಕ್ಕಳ ಹೆಸರಿದೆ?

ಲೆಕ್ಕದ_ಪುಸ್ತಕ
ಇವರ ಮಾತಿಗೆ ಒಂದು ಅಧ್ಯಯನ ಇದೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಮತ್ತು ಪ್ರದೀಪ್ ಪಾಂಡಾ ಕೇರಳದ ತಿರುವನಂತಪುರಂ ಜಿಲ್ಲೆಯಲ್ಲಿ ಮಾಡಿದ್ದು. ಯಾವ ಆಸ್ತಿಯೂ ಇಲ್ಲದ ಹೆಂಗಸರಲ್ಲಿ 49% ಜನ ಗಂಡನ ಹೊಡೆತ ಕಂಡಿದ್ದರು. ಜಮೀನು, ಮನೆ ಎರಡೂ ತಮ್ಮ ಹೆಸರಲ್ಲಿ ಇದ್ದವರಲ್ಲಿ 7%. ಕೆಲಸ, ಓದು, ಗಂಡನ ಕುಡಿತ ಇತ್ಯಾದಿ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆಸ್ತಿಯ ಪರಿಣಾಮ ಉಳಿದಿತ್ತು. ಹೋಗಲು ಒಂದು ಜಾಗ ಇದೆ ಅಂತ ಇಬ್ಬರಿಗೂ ಗೊತ್ತಿರುತ್ತದೆ.

ಮೂರನೇ_ವಾರ್ಡ್
ನಾನು ಹಿಂದೆ ಪಂಚಾಯ್ತಿ ಸದಸ್ಯೆ ಆಗಿದ್ದೆ, ಮಹಿಳಾ ಮೀಸಲಿನಲ್ಲೇ ಗೆದ್ದವಳು. ಕರ್ನಾಟಕದಲ್ಲಿ ಪಂಚಾಯ್ತಿ ಸೀಟಿನಲ್ಲಿ ಹೆಂಗಸರಿಗೆ 25% ಅಂತ 1987ರ ಚುನಾವಣೆಯಲ್ಲೇ ಬಂತು, ದೇಶಕ್ಕೆಲ್ಲ 73ನೇ ತಿದ್ದುಪಡಿ ಬರುವ ಮೊದಲೇ. ಈಗ 50%. ಮೊದಲ ವರ್ಷ ನನ್ನ ಬದಲು ನಮ್ಮ ಯಜಮಾನರು ಮೀಟಿಂಗಿಗೆ ಕೂರುತ್ತಿದ್ದರು, ಅದೂ ನಿಜ.

ಊರಲ್ಲಿ ಗಂಡ ಹೆಂಡಿರ ಜಗಳ ಬಂದರೆ ಮೊದಲು ಕೂರುವುದು ನಾಲ್ಕು ಜನ ಹಿರಿಯರು, ಕಟ್ಟೆ ಮೇಲೆ. ಅಲ್ಲಿ ರಾಜಿ ಅಂದರೆ ಅವಳು ವಾಪಸ್ ಹೋಗುವುದು. ಸದಸ್ಯೆ ಆದ ಮೇಲೆ ನನ್ನನ್ನೂ ಕರೆಯಲು ಶುರು ಮಾಡಿದರು. ಕೂತಾಗ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಇವತ್ತು ರಾತ್ರಿ ಇವನು ಮತ್ತೆ ಹೊಡೆದರೆ ನಿಮ್ಮಲ್ಲಿ ಯಾರ ಮನೆಗೆ ಬರಬೇಕು, ಹೇಳಿ. ಯಾರೂ ಮಾತಾಡುತ್ತಿರಲಿಲ್ಲ. ರಾಜಿಯ ಉತ್ಸಾಹ ಅಲ್ಲಿಗೇ ಇಳಿಯುತ್ತಿತ್ತು.

ಮತ್ತೆ ಗ್ಯಾರಂಟಿಗಳ ಬಗ್ಗೆ. ಶಕ್ತಿ ಬಸ್ಸು 2023ರ ಜೂನ್‌ನಲ್ಲಿ ಬಂದ ಮೇಲೆ ಕೋರ್ಟ್ ಡೇಟಿಗೆ, ಆಸ್ಪತ್ರೆಗೆ ಹೋಗಲು ಗಂಡನ ಹತ್ತಿರ ಬಸ್ ಚಾರ್ಜ್ ಕೇಳುವುದು ತಪ್ಪಿದೆ. ಇದನ್ನು ಯಾರೂ ಹಿಂಸೆ ತಡೆಯುವ ಯೋಜನೆ ಅಂತ ಕರೆಯಲ್ಲ. ನನ್ನ ಲೆಕ್ಕದಲ್ಲಿ ಅದು ಎಷ್ಟೋ ಜಾಗೃತಿ ಜಾಥಾಗಳಿಗಿಂತ ಮೇಲು.

ಹಳೇ_ಸೂಪರ್‌ವೈಸರ್
ಬಸ್ಸಿನ ಮಾತು ಒಪ್ಪುತ್ತೇನೆ. ಗೃಹಲಕ್ಷ್ಮಿಯಲ್ಲಿ ಒಂದು ತೊಡಕಿದೆ ನೋಡಿ. 2,000 ರೂಪಾಯಿ ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೆ. ಕೂಡು ಮನೆಯಲ್ಲಿ ಅದು ಸಾಮಾನ್ಯವಾಗಿ ಅತ್ತೆ. ಹೊರಗೆ ಬಿದ್ದ ಸೊಸೆಯ ಹೆಸರು ಆ ಕಾರ್ಡಿನಲ್ಲೇ ಸಿಕ್ಕಿಕೊಂಡಿರುತ್ತದೆ. ಅಲ್ಲಿಂದ ತೆಗೆಸಿ ಬೇರೆ ಕಾರ್ಡ್ ಮಾಡಿಸುವ ತನಕ ಅಕ್ಕಿಯೂ ಇಲ್ಲ, ದುಡ್ಡೂ ಇಲ್ಲ. ದುಡ್ಡು ಬೇಕಾದವಳಿಗೇ ಮೊದಲು ತಪ್ಪುತ್ತದೆ.

ಇನ್ನು ಸಖಿ ಕೇಂದ್ರ. 2015ರಿಂದ ಬಂದಿದ್ದು, ಜಿಲ್ಲಾ ಮಟ್ಟದಲ್ಲಿ, ಹೆಚ್ಚಾಗಿ ಸರ್ಕಾರಿ ಆಸ್ಪತ್ರೆಗೆ ಹತ್ತಿರ. ವೈದ್ಯರು, ಪೊಲೀಸ್, ವಕೀಲರು, ಕೌನ್ಸೆಲಿಂಗ್ ಒಂದೇ ಸೂರಿನಡಿ ಅನ್ನುವುದು ಉದ್ದೇಶ. ತಾತ್ಕಾಲಿಕವಾಗಿ 5 ದಿನದವರೆಗೆ ಇರಬಹುದು. ಆರನೇ ದಿನಕ್ಕೆ ಎಲ್ಲಿಗೆ ಅನ್ನುವುದನ್ನು ಮೊದಲ ದಿನವೇ ಕೇಳಿಕೊಳ್ಳಿ. ಫೋನ್ 181. ಕಣ್ಣೆದುರೇ ಹೊಡೆತ ಬೀಳುತ್ತಿದ್ದರೆ 112.

ತುಂಗಾತೀರ
ಎಲ್ಲರಿಗೂ ಥ್ಯಾಂಕ್ಸ್. ಸಿಡಿಪಿಒ ಆಫೀಸಿಗೆ ಹೋಗಿ ಬಂದೆವು. ಮೇಡಂ ಮೀಟಿಂಗಿನಲ್ಲಿದ್ದರು. ಸಂಜೆ ಸಿಕ್ಕಿದರು, ಕೂರಿಸಿ ಮಾತಾಡಿದರು, ಡಿಐಆರ್ ಅರ್ಧ ಬರೆದಿದ್ದಾರೆ. ಕಾನೂನು ಸೇವಾ ಸಮಿತಿಯಲ್ಲಿ ವಕೀಲರನ್ನೂ ಕೊಟ್ಟಿದ್ದಾರೆ. ವಾಸದ ಆದೇಶ ಸಿಕ್ಕಿದರೂ ಒಳಗೆ ಬಿಡದಿದ್ದರೆ ಏನು ಮಾಡುವುದು ಅಂತ ಅಕ್ಕ ಕೇಳುತ್ತಿದ್ದಾಳೆ.

ಕರಿಕೋಟು
ಆದೇಶ ಕೇಳುವಾಗಲೇ ಪೊಲೀಸ್ ನೆರವಿನ ನಿರ್ದೇಶನ ಕೇಳಬೇಕು. ಕಲಂ 19ರಲ್ಲೇ ಇದೆ, ಠಾಣಾಧಿಕಾರಿಗೆ ನೇರವಾಗಿ ಹೇಳುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಆ ಮನೆಯಲ್ಲಿ ಇರುವುದು ಅಪಾಯ ಅನ್ನಿಸಿದರೆ ಅದೇ ಮಟ್ಟದ ಬೇರೆ ಮನೆ ಅಥವಾ ಬಾಡಿಗೆ ಕೊಡಲಿ ಅಂತ ಪರ್ಯಾಯವಾಗಿ ಕೇಳಿ. ಆದೇಶದ ಪ್ರತಿ ಅವಳಿಗೂ, ಠಾಣೆಗೂ ಉಚಿತ. ಒಂದು ಜೆರಾಕ್ಸ್ ಯಾವಾಗಲೂ ಬ್ಯಾಗಿನಲ್ಲಿರಲಿ.

ಜೀವನಾಂಶ ಕಟ್ಟದಿದ್ದರೆ ಎಫ್‌ಎಲ್‌ಡಬ್ಲ್ಯೂ, ಅಂದರೆ ಬಾಕಿ ಹಣ ವಸೂಲಿಯ ವಾರಂಟ್ ತೆಗೆಸಬೇಕು. ಅದು ಠಾಣೆಗೆ ಹೋಗಿ ಅಲ್ಲೇ ಮಲಗುವ ಅಭ್ಯಾಸವಿದೆ. ಹಿಂದೆ ಬೀಳಬೇಕು. ಸಂಬಳದಾರ ಆಗಿದ್ದರೆ ಕಂಪನಿಯಿಂದಲೇ ಕಡಿತ ಮಾಡಿಸಿ ಅಂತ ಕೇಳಿ, ಕಲಂ 20ರಲ್ಲಿ ಅವಕಾಶ ಇದೆ.

ಲೆಕ್ಕದ_ಪುಸ್ತಕ
ನಾನು ನಮ್ಮ ತಾಲ್ಲೂಕಿಗೆ ಒಂದು ಆರ್‌ಟಿಐ ಹಾಕುತ್ತಿದ್ದೇನೆ. ನೀವೂ ನಿಮ್ಮಲ್ಲಿ ಹಾಕಿದರೆ ಹೋಲಿಸಿ ನೋಡಬಹುದು. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರಡು ಇದು:

"ಕಳೆದ 3 ಆರ್ಥಿಕ ವರ್ಷಗಳಲ್ಲಿ ಈ ಕಚೇರಿಯಲ್ಲಿ ದಾಖಲಾದ ಕೌಟುಂಬಿಕ ಘಟನಾ ವರದಿಗಳ ಸಂಖ್ಯೆ. ಅವುಗಳಲ್ಲಿ ಮ್ಯಾಜಿಸ್ಟ್ರೇಟರಿಗೆ ಕಳುಹಿಸಿದವು. ಸಂರಕ್ಷಣಾಧಿಕಾರಿಯ ಹೆಸರು, ಅವರು ನಿರ್ವಹಿಸುವ ಇತರ ಹೊಣೆಗಳು. ಈ ಕೆಲಸಕ್ಕೆಂದೇ ಕೊಟ್ಟ ಸಿಬ್ಬಂದಿ, ವಾಹನ, ಅನುದಾನದ ವಿವರ."

ಹಳೇ_ಸೂಪರ್‌ವೈಸರ್
"ಮುಟ್ಟಿಸಿದ ನೋಟಿಸ್ ಎಷ್ಟು, ಎಷ್ಟು ದಿನದಲ್ಲಿ" ಅನ್ನುವುದನ್ನೂ ಸೇರಿಸಿ. ಅಲ್ಲೇ ಬಂಡವಾಳ ಬಯಲಾಗುವುದು. ಅನುದಾನದ ಸಾಲನ್ನು ಮಾತ್ರ ತೆಗೆಯಬೇಡಿ. ಆ ಉತ್ತರ ಬಂದರೆ ಕಚೇರಿಯವರಿಗೇ ಮೇಲಿನವರ ಹತ್ತಿರ ಜಗಳಕ್ಕೆ ಕಾಗದ ಸಿಗುತ್ತದೆ.

ಕರಿಕೋಟು
ನಮ್ಮ ರಾಜ್ಯದ ಆರ್‌ಟಿಐ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ಮೀರಿಸಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಅನುದಾನದ್ದು ಬೇರೆ ಅರ್ಜಿ ಮಾಡಿ.

ಬಯಲುಸೀಮೆ_ಮಗಳು
ನಮ್ಮ ತಾಲ್ಲೂಕಿಗೆ ನಾನು ಹಾಕುತ್ತೇನೆ. ಅರ್ಜಿಯ ಫಾರಂ ಎ ಯಾರ ಹತ್ತಿರವಾದರೂ ಕನ್ನಡದಲ್ಲಿ ಇದ್ದರೆ ಇಲ್ಲಿ ಹಾಕಿ.

ಸುಮ್ನೆ_ಓದುವವ
ನನ್ನ ಹತ್ತಿರ ಇದೆ. ಮನೆಗೆ ಹೋಗಿ ಹಾಕುತ್ತೇನೆ.